ಲಂಡನ್‌ನಿಂದ ಮಂಗಳೂರಿಗೆ ಬರುವಾಗ ಕಳೆದ ಸೂಟ್‌ಕೇಸ್: ಪರಿಹಾರದ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಒಂದೇ ಟಿಕೆಟ್‌ನಲ್ಲಿ ಲಂಡನ್‌ನಿಂದ ಮುಂಬೈ ಮಾರ್ಗವಾಗಿ ಮಂಗಳೂರಿಗೆ ಬಂದೆ. ಮುಂಬೈಯಲ್ಲಿ ಕಸ್ಟಮ್ಸ್ ತಪಾಸಣೆ ಮುಗಿಸಿ ನಾನೇ ಮರಳಿ ಒಪ್ಪಿಸಿದ ಸೂಟ್‌ಕೇಸ್ ಮಂಗಳೂರಿಗೆ ತಲುಪಲೇ ಇಲ್ಲ. ನಿಲ್ದಾಣದಿಂದ ಹೊರಡುವ ಮೊದಲೇ ಲಿಖಿತ ದೂರು ಕೊಟ್ಟು ಅದರ ಸಂಖ್ಯೆಯನ್ನು ಪಡೆದಿದ್ದೇನೆ. ಬೋರ್ಡಿಂಗ್ ಪಾಸ್ ಮತ್ತು ಬ್ಯಾಗೇಜ್ ಟ್ಯಾಗ್ ಕೂಡ ನನ್ನ ಬಳಿ ಇವೆ.

ಇಪ್ಪತ್ತೊಂದು ದಿನ ಕಳೆದ ಮೇಲೆ ವಸ್ತುಗಳ ಪಟ್ಟಿಯನ್ನೂ ಸಿಕ್ಕಷ್ಟು ಬಿಲ್‌ಗಳನ್ನೂ ಇಮೇಲ್‌ನಲ್ಲಿ ಕಳುಹಿಸಿದೆ. ಅಮ್ಮನ ಧಾರೆ ಸೀರೆಯೂ ಅದರಲ್ಲಿತ್ತು. ಅದಕ್ಕೆ ಬಿಲ್ ಎಲ್ಲಿಂದ ತರಲಿ? ವಿಮಾನ ಪ್ರಯಾಣಿಕರ ದೂರುಗಳಿಗಾಗಿ ಇರುವ ಸರ್ಕಾರಿ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ನೀಡಿದ ಬಳಿಕ ವಿಮಾನಯಾನ ಸಂಸ್ಥೆಯು, ಚೀಲ ಕಳೆದದ್ದು ದೇಶದೊಳಗಿನ ಹಾರಾಟದಲ್ಲಿ ಆದ್ದರಿಂದ 20,000 ರೂಪಾಯಿಗಿಂತ ಹೆಚ್ಚು ಕೊಡಲಾಗದು ಎಂದು ಉತ್ತರಿಸಿದೆ.

ನನ್ನ ಗೊಂದಲ ಇಲ್ಲಿಯೇ. ಅಂತರರಾಷ್ಟ್ರೀಯ ವಿಮಾನ ಪ್ರಯಾಣದಲ್ಲಿನ ಪರಿಹಾರಕ್ಕೆ ಸಂಬಂಧಿಸಿದ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಂದೇ ಕರಾರಿನ ಪ್ರಯಾಣವು, ಅದರ ಒಂದು ಭಾಗ ದೇಶದೊಳಗೇ ನಡೆದರೂ, ಅಂತರರಾಷ್ಟ್ರೀಯ ಪ್ರಯಾಣವೇ ಆಗಿರುತ್ತದೆ ಎಂದು ನಾನು ಓದಿ ತಿಳಿದಿದ್ದೇನೆ. ಆ ಒಪ್ಪಂದದಲ್ಲಿ ಚೀಲ ಕಳೆದರೆ ಸಿಗುವ ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ) ಆಗಿದ್ದು, ಅದು 20,000 ರೂಪಾಯಿಯ ಹಲವು ಪಟ್ಟು. ಮುಂಬೈಯಲ್ಲಿ ಚೀಲವನ್ನು ಮರಳಿ ಒಪ್ಪಿಸಿದ ಮಾತ್ರಕ್ಕೆ ಈ ಹಕ್ಕು ತಪ್ಪಿಹೋಗುತ್ತದೆಯೇ? ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಇಂಥ ಪ್ರಕರಣ ನಡೆಸಿದವರು, ಬಿಲ್ ಇಲ್ಲದ ವಸ್ತುಗಳಿಗೆ ಅಫಿಡವಿಟ್ ಸಾಕಾಯಿತೇ ಎಂಬುದನ್ನೂ ದಯವಿಟ್ಟು ತಿಳಿಸಿ.