ಸಹಾಯ ಬೇಕು: ಒಂಬತ್ತು ದಿನದ ಮಗುವಿಗೆ 17-ಒಎಚ್‌ಪಿ ಮರುಪರೀಕ್ಷೆ, ಮುಂಬಯಿಯಲ್ಲಿ ಎಲ್ಲಿ?

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿಯವರು. ನನ್ನ ತಂಗಿಯ ಗಂಡುಮಗುವಿನ ಹಿಮ್ಮಡಿ ಚುಚ್ಚಿ ಮಾಡಿದ ರಕ್ತಪರೀಕ್ಷೆಯಲ್ಲಿ 17-ಒಎಚ್‌ಪಿ ಎಂಬ ಸ್ಟಿರಾಯ್ಡ್ ಹಾರ್ಮೋನ್ ಹೆಚ್ಚು ಬಂದಿದೆ. ಅಡ್ರಿನಲ್ ಗ್ರಂಥಿಯ ಆನುವಂಶಿಕ ಕಾಯಿಲೆ ಸಿಎಎಚ್ ಇರಬಹುದು, ಇಲ್ಲದೆಯೂ ಇರಬಹುದು ಎನ್ನುತ್ತಾರೆ ವೈದ್ಯರು. ಮಗು 35 ವಾರಕ್ಕೇ ಹುಟ್ಟಿದೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಕಾಯಿಲೆ ಇಲ್ಲದಿದ್ದರೂ ಈ ಅಂಕಿ ಏರುತ್ತದೆ.

ನಿನ್ನೆಯ ವರದಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಸರಿಯಾಗಿವೆ. ಆದರೆ ದೇಹ ಲವಣ ಕಳೆದುಕೊಳ್ಳುವ ಬಗೆಯದಾದರೆ ಎರಡನೆಯ, ಮೂರನೆಯ ವಾರದಲ್ಲಿ ಮಗು ಇದ್ದಕ್ಕಿದ್ದಂತೆ ಕುಸಿಯಬಹುದು. ತಂಗಿ ದಿನವೂ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಮಗು ತುಸು ಹಾಲು ಕಕ್ಕಿದರೂ ಅವಳ ಮುಖ ಬಿಳಿಚಿಕೊಳ್ಳುತ್ತದೆ.

ಒಂದೊಂದು ಸ್ಟಿರಾಯ್ಡನ್ನೂ ಬೇರ್ಪಡಿಸಿ ಅಳೆಯುವ ಎಲ್‌ಸಿ-ಎಂಎಸ್/ಎಂಎಸ್ ವಿಧಾನದಲ್ಲೇ ಮರುಪರೀಕ್ಷೆ ಆಗಬೇಕಂತೆ. ಎಲೈಸಾದಂಥ ಸಾಮಾನ್ಯ ವಿಧಾನದಲ್ಲಿ ಬೇರೆ ಸ್ಟಿರಾಯ್ಡ್‌ಗಳೂ ಲೆಕ್ಕಕ್ಕೆ ಸೇರಿ ಅಂಕಿ ಉಬ್ಬುತ್ತದೆ. ಹತ್ತಿರದ ಪ್ರಯೋಗಾಲಯವೊಂದು ಆಗುತ್ತದೆ ಎಂದು ರಕ್ತ ತೆಗೆದುಕೊಂಡಿತು. ವರದಿಯ ಕೊನೆಯ ಸಾಲು ನೋಡಿದರೆ ಎಲೈಸಾ! ಆ ಪುಟ್ಟ ಹಿಮ್ಮಡಿಯಲ್ಲಿ ಈಗಾಗಲೇ ಮೂರು ಗಾಯಗಳಿವೆ. ಇನ್ನೊಮ್ಮೆ ವ್ಯರ್ಥವಾಗಿ ಚುಚ್ಚಿಸಲು ಮನಸ್ಸಿಲ್ಲ.

ಠಾಣೆ, ದಾದರ್, ಪರೇಲ್ ಕಡೆ ಇದನ್ನು ಮಾಡಿಸಿದವರಿದ್ದರೆ ದಯವಿಟ್ಟು ತಿಳಿಸಿ. ವರದಿ ಎಷ್ಟು ದಿನಕ್ಕೆ ಬಂತು? ಮನೆಗೇ ಬಂದು ರಕ್ತ ತೆಗೆಯುತ್ತಾರೆಯೇ? ಈ ಕಾಯಿಲೆಗೆ ಹೆಚ್ಚಾಗಿ ಕಾರಣವಾಗುವ ಸಿವೈಪಿ21ಎ2 ವಂಶವಾಹಿಯ ಪರೀಕ್ಷೆ ಮಾಡಿಸಿದವರೂ ಹೇಳಿ. ಅದನ್ನೇ ಹೋಲುವ, ಕೆಲಸಕ್ಕೆ ಬಾರದ ಇನ್ನೊಂದು ವಂಶವಾಹಿ ಪಕ್ಕದಲ್ಲೇ ಇರುವುದರಿಂದ ಅನುಭವವಿರುವ ಕಡೆಯೇ ಮಾಡಿಸಬೇಕಂತೆ. ಮಕ್ಕಳ ಹಾರ್ಮೋನ್ ತಜ್ಞರ ಹೆಸರು ಗೊತ್ತಿದ್ದರೆ ನನಗೆ ಸಂದೇಶ ಕಳುಹಿಸಿ. ರಾತ್ರಿ ಎಷ್ಟು ಹೊತ್ತಾದರೂ ನೋಡುತ್ತೇನೆ.