ನಡುಗುವ ಕೈಯ ಇಸಿಜಿಗೆ ಪೇಟೆಂಟ್ ಯಾಕೆ?

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ಗುಂಪಿಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. ಊಟದ ಹೊತ್ತಿನ ತನಕ ನಡೆದ ಚರ್ಚೆ ಇದು. ಹೆಸರು ಬಿಟ್ಟು, ನಾನು ಕರೆಯುವ ಹಾಗೆಯೇ ಬರೆದಿದ್ದೇನೆ. ನಾನು ಬೆಂಗಳೂರಿನಲ್ಲಿ ಪೇಟೆಂಟ್ ಅರ್ಜಿ ಬರೆಯುವ ಕೆಲಸದಲ್ಲಿದ್ದೇನೆ.

ದೊಡ್ಡಪ್ಪ: (ಫಾರ್ವರ್ಡ್) ಅಮೆರಿಕ ಕೋರ್ಟಿನ ಮಹತ್ವದ ತೀರ್ಪು! ಎಐ ಬಳಸಿ ರೋಗ ಪತ್ತೆ ಮಾಡುವ ಯಾವ ಯಂತ್ರಕ್ಕೂ ಇನ್ನು ಪೇಟೆಂಟ್ ಇಲ್ಲ. ಭಾರತದಲ್ಲಂತೂ ಮೊದಲೇ ಇಲ್ಲ. ಎಲ್ಲರಿಗೂ ತಿಳಿಸಿ.

ದೊಡ್ಡಪ್ಪ: ಕೈ ನಡುಗುವವರಿಗೆ ಅಂತ ನಮ್ಮ ಹುಡುಗ ಮಾಡಿದ ಎಐ ಇಸಿಜಿ ಯಂತ್ರದ ಗತಿ ಏನಪ್ಪಾ? ಎರಡು ವರ್ಷ ನಿದ್ದೆಗೆಟ್ಟು ಮಾಡಿದ್ದಾನೆ.

ತಮ್ಮ: ನನಗೂ ಅದೇ ತಲೆಬಿಸಿ ದೊಡ್ಡಪ್ಪ. ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ ಹತ್ತು ತಿಂಗಳಾಯಿತು. ಹನ್ನೆರಡು ತಿಂಗಳ ಒಳಗೆ ಪೂರ್ತಿ ಅರ್ಜಿ ಹಾಕದಿದ್ದರೆ ಅದು ಬಿದ್ದುಹೋಗುತ್ತದೆ.

ಬಾಸ್ಟನ್ ಭಾವ: ನನ್ನ ಕೇಳಿದರೆ ಬಿಟ್ಟುಬಿಡು. ಇಲ್ಲಿ ರೋಗಪತ್ತೆಯ ಪೇಟೆಂಟ್ ಒಂದೊಂದೇ ಕೋರ್ಟಿನಲ್ಲಿ ಬೀಳುತ್ತಾ ಬಂದಿವೆ. ನಿನ್ನ ಮಾಡೆಲ್, ಅಂದರೆ ಡೇಟಾದಿಂದ ಕಲಿತ ಆ ಪ್ರೋಗ್ರಾಂ, ಸರ್ವರ್ ಒಳಗೆ ಇಟ್ಟುಕೋ, ಯಾರಿಗೂ ತೋರಿಸಬೇಡ. ಗುಟ್ಟೇ ರಕ್ಷಣೆ.

ನಾನು: ದೊಡ್ಡಪ್ಪ, ಅದನ್ನು ದಯವಿಟ್ಟು ಬೇರೆ ಗುಂಪಿಗೆ ಹಾಕಬೇಡಿ. ಅದು ಅರ್ಧ ಸತ್ಯ. 2025ರ ಏಪ್ರಿಲ್ 18ರ ತೀರ್ಪು, ರಿಸೆಂಟಿವ್ ಮತ್ತು ಫಾಕ್ಸ್ ಕಂಪನಿಗಳ ನಡುವಿನ ಕೇಸು. ಅದರಲ್ಲಿ ರೋಗಿಯೂ ಇಲ್ಲ, ಆಸ್ಪತ್ರೆಯೂ ಇಲ್ಲ. ಟಿವಿಯಲ್ಲಿ ಯಾವ ಊರಿಗೆ ಯಾವ ಹೊತ್ತಿಗೆ ಯಾವ ಕಾರ್ಯಕ್ರಮ ಹಾಕಬೇಕು ಎಂದು ಮಷೀನ್ ಲರ್ನಿಂಗ್‌ನಿಂದ ಲೆಕ್ಕ ಹಾಕುವ ಪೇಟೆಂಟ್‌ಗಳು ಅವು. ಎಲ್ಲರಿಗೂ ಸಿಗುವ ಮಾಡೆಲ್ ತಂದು ಹೊಸ ಕೆಲಸಕ್ಕೆ ಹಚ್ಚಿದರೆ ಅಷ್ಟಕ್ಕೇ ಪೇಟೆಂಟ್ ಇಲ್ಲ ಅಂದಿತು ಕೋರ್ಟ್. ಮಾಡೆಲ್‌ನಲ್ಲಿ ನೀವೇನು ಸುಧಾರಿಸಿದಿರಿ ತೋರಿಸಿ ಎಂಬುದು ಅದರ ಪ್ರಶ್ನೆ.

ಡಾಕ್ಟರ್ ಚಿಕ್ಕಮ್ಮ: ಓಪಿಡಿ ಈಗ ಮುಗಿಯಿತು, ಎಲ್ಲ ಓದಿದೆ. ನನಗೆ ಕೋರ್ಟ್ ಗೊತ್ತಿಲ್ಲ. ಆದರೆ ರೋಗ ಗುರುತಿಸುವ ತಿಳಿವಳಿಕೆಗೆ ಬೇಲಿ ಹಾಕುವುದೇ ತಪ್ಪು ಅನ್ನಿಸುತ್ತದೆ. ಕಳೆದ ವಾರ ನಡೆದದ್ದು ಹೇಳ್ತೀನಿ, ಕೇಳಿ.

ಡಾಕ್ಟರ್ ಚಿಕ್ಕಮ್ಮ: ಪಾರ್ಕಿನ್ಸನ್ ಇರುವ ಅಜ್ಜ. ಬಲಗೈ ಸದಾ ನಡುಗುತ್ತದೆ. ನಮ್ಮ ಇಸಿಜಿ ಯಂತ್ರ ಕಾಗದದ ಮೇಲೆ ‘ಏಟ್ರಿಯಲ್ ಫ್ಲಟರ್’ (ಹೃದಯದ ಮೇಲಿನ ಕೋಣೆಗಳು ವಿಪರೀತ ವೇಗವಾಗಿ ಬಡಿಯುವ ತೊಂದರೆ) ಅಂತ ಅಚ್ಚು ಹಾಕಿತು. ಗೆರೆ ನೋಡಿದರೆ ಹೌದು, ಗರಗಸದ ಹಲ್ಲಿನ ಹಾಗೇ ಇದೆ. ಹೊಸ ಹುಡುಗ ಡಾಕ್ಟರ್ ರಕ್ತ ತೆಳು ಮಾಡುವ ಮಾತ್ರೆ ಬರೆಯಲು ಹೊರಟಿದ್ದ. ನಾನು ಮೂರನೇ ಲೀಡ್ (ಎರಡು ಕ್ಲಿಪ್‌ಗಳ ನಡುವೆ ಅಳೆದ ಗೆರೆ) ನೋಡು ಅಂದೆ. ಆ ಲೀಡ್ ಎಡಗೈ ಮತ್ತು ಎಡಗಾಲಿನ ನಡುವಿನದು, ಬಲಗೈಗೆ ಸಂಬಂಧವೇ ಇಲ್ಲ. ಅದರಲ್ಲಿ ಪಿ ಅಲೆ, ಅಂದರೆ ಮೇಲಿನ ಕೋಣೆಗಳು ಸರಿಯಾಗಿ ಬಡಿಯುತ್ತಿವೆ ಎಂಬ ಗುರುತು, ಸ್ಪಷ್ಟವಾಗಿ ಇತ್ತು. ಮಣಿಕಟ್ಟಿನ ಕ್ಲಿಪ್ ಬಿಚ್ಚಿ ಭುಜದ ಹತ್ತಿರ ಹಾಕಿಸಿ ಮತ್ತೆ ತೆಗೆದೆವು. ಗರಗಸ ಮಾಯ. ಅಜ್ಜನ ಹೃದಯ ಚೆನ್ನಾಗಿದೆ.

ಡಾಕ್ಟರ್ ಚಿಕ್ಕಮ್ಮ: ಈಗ ಹೇಳು. ನಾನು ದಿನಾ ಮಾಡುವುದನ್ನು ಇವನು ಯಂತ್ರದಲ್ಲಿ ಹಾಕಿ ಪೇಟೆಂಟ್ ಮಾಡಿಸಿದರೆ, ನಾಳೆ ನಾನು ಕ್ಲಿಪ್ ಸರಿಸಲು ಇವನ ಅಪ್ಪಣೆ ಕೇಳಬೇಕಾ?

ಅತ್ತಿಗೆ: ಒಳ್ಳೇ ಪ್ರಶ್ನೆ ಚಿಕ್ಕಮ್ಮ 🙏

ನಾನು: ಬೇಡವೇ ಬೇಡ ಚಿಕ್ಕಮ್ಮ. ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಐ) ಅದಕ್ಕೇ ಇದೆ. ಮನುಷ್ಯರಿಗೆ ಚಿಕಿತ್ಸೆ ಕೊಡುವ, ರೋಗ ಪತ್ತೆ ಮಾಡುವ ವಿಧಾನಕ್ಕೆ ಪೇಟೆಂಟ್ ಇಲ್ಲ. ಡಾಕ್ಟರ ಕೈ ಯಾರೂ ಕಟ್ಟಬಾರದು. ಅಮೆರಿಕದಲ್ಲೂ 2012ರಲ್ಲಿ ಇದೇ ಜಗಳ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ನೀವು ಅಜಥಯೋಪ್ರಿನ್ ಬರೆಯುತ್ತೀರಲ್ಲ, ಆ ಗುಂಪಿನ ಔಷಧಿ. ರಕ್ತದಲ್ಲಿ ಅದರ ಅಂಶ ಇಷ್ಟಕ್ಕಿಂತ ಕಡಿಮೆ ಇದ್ದರೆ ಡೋಸ್ ಏರಿಸಬೇಕಾಗಬಹುದು, ಇಷ್ಟಕ್ಕಿಂತ ಜಾಸ್ತಿ ಇದ್ದರೆ ಇಳಿಸಬೇಕಾಗಬಹುದು ಎಂಬುದಕ್ಕೇ ಪ್ರೊಮಿಥಿಯಸ್ ಎಂಬ ಕಂಪನಿ ಪೇಟೆಂಟ್ ಹಿಡಿದಿತ್ತು. ಮೇಯೋ ಆಸ್ಪತ್ರೆಯವರು ತಮ್ಮದೇ ಪರೀಕ್ಷೆ ತರಲು ಹೋದಾಗ ಕೇಸು ಬಿತ್ತು. ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಆ ಪೇಟೆಂಟ್ ತಳ್ಳಿಹಾಕಿದರು. ದೇಹ ನಡೆಯುವ ರೀತಿಗೆ ಯಾರೂ ಒಡೆಯರಲ್ಲ.

ಬಾಸ್ಟನ್ ಭಾವ: ನಾನೂ ಅದನ್ನೇ ಹೇಳುತ್ತಿರುವುದು. ಆ ತೀರ್ಪಿನ ಮೇಲೆ 2014ರ ಆಲಿಸ್ ತೀರ್ಪು ಸೇರಿಸು, ಬರೀ ಕಲ್ಪನೆಯನ್ನು ಕಂಪ್ಯೂಟರಿಗೆ ಹಾಕಿದ ಮಾತ್ರಕ್ಕೆ ಪೇಟೆಂಟ್ ಇಲ್ಲ ಅಂದದ್ದು. ಒಂದು ಕಡೆ ಪ್ರಕೃತಿ ನಿಯಮ, ಇನ್ನೊಂದು ಕಡೆ ಕಂಪ್ಯೂಟರ್ ಲೆಕ್ಕ. ಇವನ ಯಂತ್ರ ಎರಡರ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತದೆ.

ನಾನು: ಸಿಕ್ಕಿಹಾಕಿಕೊಳ್ಳುವುದು ಹೇಗೆ ಬರೆಯುತ್ತೇವೆ ಅನ್ನುವುದರ ಮೇಲೆ ಹೋಗುತ್ತದೆ ಭಾವ. ನಿಮ್ಮ ಊರಿನದೇ ಕೇಸು ಇದೆ, ಕಾರ್ಡಿಯೋನೆಟ್. ಎದೆಬಡಿತದ ನಡುವಿನ ಅಂತರ ಹೇಗೆ ಏರುಪೇರಾಗುತ್ತದೆ ನೋಡಿ ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ತಾಳ ತಪ್ಪುವ ಇನ್ನೊಂದು ತೊಂದರೆ) ಹಿಡಿಯುವ ಸಾಧನ. ಮ್ಯಾಸಚೂಸೆಟ್ಸ್ ಕೋರ್ಟ್ ಇದು ಪೇಟೆಂಟ್ ವಿಷಯವೇ ಅಲ್ಲ ಅಂದಿತ್ತು. 2020ರಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕ್ಯೂಟ್ ಕೋರ್ಟ್ ಅದನ್ನು ತಿರುಗಿಸಿತು. ಹೃದಯ ಗಮನಿಸುವ ಸಾಧನವೇ ಉತ್ತಮವಾಗಿದೆ, ಇದು ಬರೀ ಲೆಕ್ಕವಲ್ಲ ಎಂದು.

ತಮ್ಮ: ಅಕ್ಕ, ನಮ್ಮಲ್ಲಿ 3(ಕೆ) ಇದೆಯಲ್ಲ? ಅಲ್ಗಾರಿದಮ್‌ಗೆ ಪೇಟೆಂಟ್ ಇಲ್ಲ ಅಂತ.

ನಾನು: ಇದೆ. ‘ಕಂಪ್ಯೂಟರ್ ಪ್ರೋಗ್ರಾಂ ಪರ್ ಸೆ’ ಬೇಡ ಅನ್ನುತ್ತದೆ, ಅಂದರೆ ಪ್ರೋಗ್ರಾಂ ಅಷ್ಟೇ ಆದರೆ ಬೇಡ. 2019ರ ಫರೀದ್ ಅಲ್ಲಾನಿ ಕೇಸಿನಲ್ಲಿ ದೆಹಲಿ ಹೈಕೋರ್ಟ್ ವಾಷಿಂಗ್ ಮಷೀನು, ಫ್ರಿಡ್ಜು, ಕಾರುಗಳಲ್ಲೂ ಪ್ರೋಗ್ರಾಂ ಇರುತ್ತದೆ, ಅದರಿಂದ ತಾಂತ್ರಿಕ ಪ್ರಯೋಜನ ಏನು ಎಂದು ನೋಡಬೇಕು ಅಂದಿತು. ಈಗ ನಿನ್ನ ಕರಡು ನೋಡು. ನೀನು ನನಗೆ ಕಳಿಸಿದ ಮೊದಲನೇ ಕ್ಲೇಮ್ (ಯಾವುದಕ್ಕೆ ಹಕ್ಕು ಕೇಳುತ್ತೀಯ ಅನ್ನುವ ವಾಕ್ಯ): ‘ರೋಗಿಯ ಇಸಿಜಿ ಪಡೆದು, ತರಬೇತಿ ಪಡೆದ ನ್ಯೂರಲ್ ನೆಟ್‌ವರ್ಕ್‌ಗೆ ಕೊಟ್ಟು, ಹೃದಯದ ತಾಳ ತಪ್ಪಿದೆಯೇ ಎಂದು ತಿಳಿಸುವ ವಿಧಾನ.’ ಇದು 3(ಐ)ಗೂ ಬೀಳುತ್ತದೆ, 3(ಕೆ)ಗೂ ಬೀಳುತ್ತದೆ. ಬೀಳಲೇಬೇಕು ಕೂಡ. ಇದರಲ್ಲಿ ನಿನ್ನ ಕೆಲಸವೇ ಇಲ್ಲ.

ತಮ್ಮ: ಮತ್ತೆ?

ನಾನು: ನೀನು ನಿಜವಾಗಿ ಮಾಡಿದ್ದು ಬರೆ. ಪಾರ್ಕಿನ್ಸನ್ ನಡುಕ ಸೆಕೆಂಡಿಗೆ 4ರಿಂದ 6 ಸಲ. ಫ್ಲಟರ್ ಅಲೆ ನಿಮಿಷಕ್ಕೆ ಸುಮಾರು 300, ಅಂದರೆ ಸೆಕೆಂಡಿಗೆ 5. ಎರಡೂ ಒಂದೇ ಜಾಗದಲ್ಲಿ ಬಂದು ಕೂರುತ್ತವೆ. ಅದಕ್ಕೇ ಚಿಕ್ಕಮ್ಮನ ಯಂತ್ರ ಮೋಸ ಹೋಯಿತು. ಸುಮ್ನೆ ಫಿಲ್ಟರ್ ಹಾಕಿದರೆ ನಡುಕದ ಜೊತೆ ನಿಜವಾದ ಫ್ಲಟರೂ ಅಳಿಸಿಹೋಗುತ್ತದೆ. ನೀನು ಕ್ಲಿಪ್‌ನೊಳಗೆ ಅಲುಗಾಟ ಅಳೆಯುವ ಸೆನ್ಸರ್ ಇಟ್ಟು, ಎರಡು ಸಿಗ್ನಲ್‌ಗಳನ್ನೂ ಒಟ್ಟಿಗೆ ಮಾಡೆಲ್‌ಗೆ ಕೊಟ್ಟು, ಕೈಯಿಂದ ಬಂದ ಅಲೆಯನ್ನು ಮಾತ್ರ ಕಳೆಯುತ್ತೀಯ. ಅದು ಸಾಧನ. ಅಲ್ಲಿ ಹಕ್ಕು ಕೇಳು. ರೋಗ ಇದೆಯೋ ಇಲ್ಲವೋ ಅನ್ನುವುದನ್ನು ಚಿಕ್ಕಮ್ಮನಿಗೆ ಬಿಡು.

ಡಾಕ್ಟರ್ ಚಿಕ್ಕಮ್ಮ: ಹಾಗಾದರೆ ಪರವಾಗಿಲ್ಲ. ಅಷ್ಟು ಇವನದೇ.

ಬಾಸ್ಟನ್ ಭಾವ: ಆದರೂ ಗುಟ್ಟಾಗಿ ಇಡುವುದರಲ್ಲಿ ಏನು ತಪ್ಪು? ಪೇಟೆಂಟ್ ಅಂದರೆ ಎಲ್ಲವನ್ನೂ ಬರೆದುಕೊಡಬೇಕು.

ನಾನು: ಬರೆದುಕೊಡಬೇಕು ಅನ್ನುವ ಕಾರಣಕ್ಕೇ ನನಗೆ ಪೇಟೆಂಟ್ ಬೇಕು ಭಾವ. ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಚಿಕ್ಕಮ್ಮನ ಯಂತ್ರ ‘ಫ್ಲಟರ್’ ಅಂತ ಅಚ್ಚು ಹಾಕಿತು, ಯಾಕೆ ಅಂತ ಹೇಳಲಿಲ್ಲ. ಕೇಳಲು ಯಾರೂ ಇಲ್ಲ, ಒಳಗಿನದು ಕಂಪನಿಯ ಗುಟ್ಟು. ಚಿಕ್ಕಮ್ಮ ಅಲ್ಲಿ ಇರದಿದ್ದರೆ ಆ ಅಜ್ಜ ಬೇಡದ ಮಾತ್ರೆ ನುಂಗುತ್ತಿದ್ದರು. ಪೇಟೆಂಟ್‌ನಲ್ಲಿ 20 ವರ್ಷದ ಹಕ್ಕಿಗೆ ಬದಲಾಗಿ ಹೇಗೆ ಮಾಡಿದೆ ಎಂದು ಪೂರ್ತಿ ಹೇಳಬೇಕು. ಬೇರೆಯವರು ಓದಿ, ತಪ್ಪು ಹುಡುಕಿ, ಇನ್ನೂ ಚೆನ್ನಾಗಿ ಮಾಡಬಹುದು.

ಬಾಸ್ಟನ್ ಭಾವ: ಎಷ್ಟೋ ಎಐ ಪೇಟೆಂಟ್ ಓದಿದ್ದೇನೆ ಕಣಮ್ಮ. ‘ತರಬೇತಿ ಪಡೆದ ಮಾಡೆಲ್’ ಅಂತ ಒಂದು ಡಬ್ಬ ಬಿಡಿಸಿರುತ್ತಾರೆ. ಒಳಗೆ ಏನೂ ಹೇಳಿರುವುದಿಲ್ಲ.

ನಾನು: ಈ ಮಾತು ಪೂರ್ತಿ ಒಪ್ಪುತ್ತೇನೆ. ಅಂಥವು ಸಿಗಲೇಬಾರದು. ಯುರೋಪಿನಲ್ಲಿ 2020ರಲ್ಲಿ ಒಂದು ಅರ್ಜಿ ಹೀಗೇ ಬಿತ್ತು. ರಕ್ತದೊತ್ತಡದ ಗೆರೆ ನೋಡಿ ಹೃದಯ ಎಷ್ಟು ರಕ್ತ ಹೊರಹಾಕುತ್ತದೆ ಎಂದು ನ್ಯೂರಲ್ ನೆಟ್‌ವರ್ಕ್‌ನಿಂದ ಲೆಕ್ಕ ಹಾಕುವುದು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಆರೋಗ್ಯದ ರೋಗಿಗಳ ಡೇಟಾ ಇರಬೇಕು ಅಂತ ಬರೆದಿದ್ದರು. ಯಾವ ಡೇಟಾ ಅಂತ ಬರೆದಿರಲಿಲ್ಲ. ಇದನ್ನು ಓದಿ ಇನ್ನೊಬ್ಬರು ಮಾಡಲಾರರು ಎಂದು ಪೇಟೆಂಟ್ ಆಫೀಸಿನ ಮೇಲ್ಮನವಿ ಮಂಡಳಿ ಹೇಳಿತು.

ನಾನು: ತಮ್ಮಾ, ನಿನ್ನ ಅರ್ಜಿಯಲ್ಲೂ ಆ ತೂತು ಇದೆ. ಎಷ್ಟು ಜನರ ಇಸಿಜಿ, ನಡುಕ ಇದ್ದವರು ಎಷ್ಟು, ನಡುಕದ ಜೊತೆ ನಿಜವಾದ ಫ್ಲಟರೂ ಇದ್ದವರು ಎಷ್ಟು, ಎಲ್ಲ ಬೇಕು.

ತಮ್ಮ: ಎರಡೂ ಇದ್ದವರು ತುಂಬಾ ಕಡಿಮೆ ಅಕ್ಕ. ಅಲ್ಲೇ ಮಾಡೆಲ್ ತಡವರಿಸುತ್ತದೆ. ನಿನ್ನೆ ಒಂದು ಹೊಸ ದಾರಿ ಸಿಕ್ಕಿತು, ವಿಡಿಯೋ ಹಾಕಲಾ?

ನಾನು: ಇಲ್ಲಿ ಹಾಕಬೇಡ! ಸೆನ್ಸರ್ ವಿಷಯ ಪ್ರೊವಿಷನಲ್‌ನಲ್ಲಿ ಇದೆ, ಅದಕ್ಕೇ ಇಷ್ಟು ಮಾತಾಡಿದೆ. ಹೊಸದನ್ನು ಅರ್ಜಿಗೆ ಮೊದಲೇ ಹೊರಗೆ ಹೇಳಿದರೆ ಆಮೇಲೆ ಹೊಸದು ಅನ್ನಿಸಿಕೊಳ್ಳುವುದೇ ಕಷ್ಟ. ನನಗೊಬ್ಬಳಿಗೇ ಕಳಿಸು.

ದೊಡ್ಡಪ್ಪ: ಫಾರ್ವರ್ಡ್ ತೆಗೆದುಬಿಟ್ಟೆ ಪುಟ್ಟಿ. ಪಾರ್ಕ್ ಗುಂಪಿಗೂ ಹಾಕಿದ್ದೆ, ಅಲ್ಲಿಗೆ ಏನು ಬರೆಯಲಿ?

ನಾನು: ಟಿವಿ ಕಾರ್ಯಕ್ರಮದ ಕೇಸು, ರೋಗಪತ್ತೆಯದಲ್ಲ ಅಂತ ಬರೆಯಿರಿ ದೊಡ್ಡಪ್ಪ. ಅಷ್ಟು ಸಾಕು.

ಡಾಕ್ಟರ್ ಚಿಕ್ಕಮ್ಮ: ನಡುಕ, ಫ್ಲಟರ್ ಎರಡೂ ಇರುವ ಇಬ್ಬರು ನನ್ನ ಹತ್ತಿರ ಬರುತ್ತಾರೆ. ಅವರನ್ನು ನಾನೇ ಕೇಳುತ್ತೇನೆ. ಒಪ್ಪಿದರೆ ಮಾತ್ರ. ಒಪ್ಪಿಗೆ ಪತ್ರ ಕನ್ನಡದಲ್ಲಿ ಮಾಡಿಕೊಂಡು ಬಾ, ಅವರಿಗೆ ಅರ್ಥವಾಗುವ ಹಾಗೆ.

ತಮ್ಮ: ಆಯ್ತು ಚಿಕ್ಕಮ್ಮ. ಗುರುವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿರುತ್ತೇನೆ.