ಸಿಡಿ8 ಕೋಶಗಳೆಲ್ಲ ಸಿಡಿ4 ಕೂಡ ಆಗಿ ಕಾಣುತ್ತಿವೆ, ಏನು ಮಾಡಲಿ?

ಕುಕ್ಕರಹಳ್ಳಿ ಏರಿ:
ನಮಸ್ಕಾರ. ಮೈಸೂರಿನ ಒಂದು ಲ್ಯಾಬಿನಲ್ಲಿ ರಕ್ತದ ಟಿ ಕೋಶಗಳನ್ನು ಫ್ಲೋ ಸೈಟೋಮೀಟರ್‌ನಲ್ಲಿ (ಕೋಶಗಳಿಗೆ ಅಂಟಿಸಿದ ಡೈಗಳ ಹೊಳಪನ್ನು ಲೇಸರ್ ಬಿಟ್ಟು ಅಳೆಯುವ ಮೆಷಿನ್) ನೋಡುತ್ತಿದ್ದೇನೆ. ಚಿಕ್ಕ ಪ್ಯಾನೆಲ್ (ಮೊದಲು ಆಂಟಿಬಾಡಿ ಹಿಡಿಯುವ ಕೋಶದ ಗುರುತು, ಆಮೇಲೆ ಆ ಆಂಟಿಬಾಡಿಯ ಡೈ): ಸಿಡಿ3 ಎಫ್‌ಐಟಿಸಿ, ಸಿಡಿ4 ಪಿಇ, ಸಿಡಿ8 ಪಿಇ-ಸೈ7. ಮೊದಲು ಚೆನ್ನಾಗಿ ಬರುತ್ತಿತ್ತು. ಈಗ ಸಿಡಿ3 ಗೇಟಿನೊಳಗೆ (ಸಿಡಿ3 ಇರುವ ಕೋಶಗಳನ್ನಷ್ಟೇ ಆರಿಸಿ ನೋಡಿದಾಗ) ಸಿಡಿ8 ಕೋಶಗಳೆಲ್ಲ ಪಿಇ ಕಡೆಗೂ ವಾಲಿವೆ. ಲ್ಯಾಬಿನಲ್ಲಿ ಸೇವ್ ಮಾಡಿಟ್ಟ ಕಾಂಪೆನ್ಸೇಷನ್ನೇ (ಒಂದು ಡೈಯ ಬೆಳಕು ಇನ್ನೊಂದರ ಲೆಕ್ಕಕ್ಕೆ ಸೋರಿದ್ದನ್ನು ಕಳೆಯುವ ತಿದ್ದುಪಡಿ) ಹಾಕುವುದು ರೂಢಿ. ಗೈಡ್ 'ಸಿಡಿ4 ಆಂಟಿಬಾಡಿ ಜಾಸ್ತಿಯಾಗಿದೆ' ಅಂದರು. ಅರ್ಧಕ್ಕೆ ಇಳಿಸಿದರೂ ಹಾಗೇ ಇದೆ.

ಸಕ್ಕರೆನಾಡು:
ಚುಕ್ಕೆಗಳು ಬೇರೆ ಗುಂಪಾಗಿ ನಿಂತಿವೆಯಾ, ಇಲ್ಲಾ ಓರೆಯಾಗಿ ಗೆರೆ ಎಳೆದ ಹಾಗಿವೆಯಾ?

ಕುಕ್ಕರಹಳ್ಳಿ ಏರಿ:
ಓರೆ ಗೆರೆಯೇ ಸರ್. ಸಿಡಿ8 ಜಾಸ್ತಿಯಾದಷ್ಟೂ ಪಿಇ ಜಾಸ್ತಿ.

ಸಕ್ಕರೆನಾಡು:
ಹಾಗಾದರೆ ಸುಮ್ನೆ ಸಿಡಿ4 ಮೇಲೆ ಗೂಬೆ ಕೂರಿಸಬೇಡಿ. ನನಗೆ ಅನುಮಾನ ಪಿಇ-ಸೈ7 ಮೇಲೆ. ಅದು ಟ್ಯಾಂಡಮ್ ಡೈ, ಅಂದರೆ ಎರಡು ಡೈಗಳ ಜೋಡಿ. 488 ನ್ಯಾನೋಮೀಟರ್ ಲೇಸರ್ ಬೆಳಕನ್ನು ಹೀರುವುದು ಪಿಇ. ಆ ಶಕ್ತಿಯನ್ನು ಸೈ7ಗೆ ದಾಟಿಸುತ್ತದೆ, ಸೈ7 ಸುಮಾರು 780ರಲ್ಲಿ ಹೊಳೆಯುತ್ತದೆ. ಬೆಳಕು ಬಿದ್ದೋ, ಫ್ರೀಜ್ ಆಗಿಯೋ, ಫಾರ್ಮಲ್ಡಿಹೈಡ್‌ನಲ್ಲಿ ತುಂಬಾ ಹೊತ್ತು ಕೂತೋ ಜೋಡಿ ಕೆಟ್ಟರೆ ಶಕ್ತಿ ದಾಟುವುದಿಲ್ಲ. ಆಗ ಪಿಇ ತಾನೇ 578ರ ಹತ್ತಿರ ಹೊಳೆಯುತ್ತದೆ. ಮೆಷಿನ್‌ಗೆ ಅದು ಸಿಡಿ4 ಅಂತಲೇ ಲೆಕ್ಕ.

ಸಿಡಿ8 ಒಂದನ್ನೇ ಹಾಕಿದ ಟ್ಯೂಬ್ ಓಡಿಸಿ. ಹಳೆ ಕಾಂಪೆನ್ಸೇಷನ್ ಹಾಕಿದ ಮೇಲೂ ಪಿಇ ಉಳಿದರೆ ಡೈ ಕೆಟ್ಟಿದೆ. ಮೆಷಿನ್‌ನ ಡಿಟೆಕ್ಟರ್ ವೋಲ್ಟೇಜ್ ಯಾರೂ ಮುಟ್ಟಿಲ್ಲ ತಾನೇ?

ಒಂಟಿಕೊಪ್ಪಲು:
ಆಂಟಿಬಾಡಿ ವಯಲ್ ಎಲ್ಲಿಡುತ್ತೀರಿ? ನನ್ನ ಅನುಭವದಲ್ಲಿ ಅರ್ಧ ಕಥೆ ಅಲ್ಲೇ ಇರುತ್ತದೆ.

ಕುಕ್ಕರಹಳ್ಳಿ ಏರಿ:
ವೋಲ್ಟೇಜ್ ಅದೇ ಇದೆ. ಸಿಡಿ4 ಹಾಕದ ಟ್ಯೂಬಿನಲ್ಲೂ ಅದೇ ಓರೆ ಗೆರೆ ಬಂತು! ಇನ್ನು ವಯಲ್ ವಿಷಯ. ಇರುವುದು ಗಾಜಿನ ಬಾಗಿಲಿನ ಫ್ರಿಜ್‌ನಲ್ಲಿ. ಒಳಗಿನ ಟ್ಯೂಬ್‌ಲೈಟ್ ಹಗಲೂ ರಾತ್ರಿ ಉರಿಯುತ್ತದೆ. ಸಾಲದ್ದಕ್ಕೆ ಕಂದು ವಯಲಿನಲ್ಲಿದ್ದದ್ದನ್ನು ಯಾರೋ ಪಾರದರ್ಶಕ ಎಪೆಂಡಾರ್ಫ್ ಟ್ಯೂಬಿಗೆ ಬಗ್ಗಿಸಿ ಮುಂದಿನ ಸಾಲಿನಲ್ಲೇ ಇಟ್ಟಿದ್ದಾರೆ.

ಸಕ್ಕರೆನಾಡು:
ಕಳ್ಳ ಸಿಕ್ಕಿದ ಬಿಡಿ. ಅದನ್ನು ಎಸೆದು ಹೊಸದು ತರಿಸಿ. ಟ್ಯಾಂಡಮ್‌ಗೆ ಹಳೆ ಕಾಂಪೆನ್ಸೇಷನ್ ನಂಬಲೇಬೇಡಿ. ಕಂಟ್ರೋಲನ್ನು (ಒಂದೇ ಡೈ ಹಾಕಿದ ಟ್ಯೂಬ್, ಅಂದರೆ ಸಿಂಗಲ್ ಸ್ಟೈನ್) ಅದೇ ವಯಲಿನಿಂದ, ಅದೇ ದಿನ ಮಾಡಿ; ಸ್ಯಾಂಪಲ್ಲನ್ನು ಫಾರ್ಮಲ್ಡಿಹೈಡ್ ಹಾಕಿ ಫಿಕ್ಸ್ ಮಾಡಿದರೆ ಕಂಟ್ರೋಲನ್ನೂ ಹಾಗೇ ಫಿಕ್ಸ್ ಮಾಡಿ. ಕಂಟ್ರೋಲಿಗೆ ಕೋಶಗಳ ಬದಲು ಬೀಡ್ಸ್ (ಆಂಟಿಬಾಡಿ ಹಿಡಿಯುವ ಪುಟ್ಟ ಮಣಿಗಳು) ಬಳಸಿದರೂ ಆಂಟಿಬಾಡಿ ಅದೇ ವಯಲಿನದಾಗಿರಲಿ. ಈಗಾಗಲೇ ಓಡಿಸಿದ ಡೇಟಾಗೆ ಆ ದಿನದ ಸಿಂಗಲ್ ಸ್ಟೈನ್ ಇದ್ದರೆ ಸಾಫ್ಟ್‌ವೇರ್‌ನಲ್ಲಿ ಮತ್ತೆ ಕಾಂಪೆನ್ಸೇಟ್ ಮಾಡಿ ನೋಡಬಹುದು. ಇಲ್ಲದಿದ್ದರೆ ಆ ಸಿಡಿ4 ಶೇಕಡಾವಾರನ್ನು ಥೀಸಿಸ್‌ಗೆ ಹಾಕಬೇಡಿ.

ಮೆಷಿನ್‌ನಲ್ಲಿ ಕೆಂಪು ಲೇಸರ್ ಇದ್ದರೆ ಸಿಡಿ8ಗೆ ಎಪಿಸಿ ಎಂಬ ಡೈ ತಗೊಳ್ಳಿ. ಅದು ಟ್ಯಾಂಡಮ್ ಅಲ್ಲ, ಈ ತಲೆನೋವೇ ಇರುವುದಿಲ್ಲ.

ಒಂಟಿಕೊಪ್ಪಲು:
ಇನ್ನೊಂದು ಮಾತು. ಸಿಡಿ3 ಗೇಟ್ ತೆಗೆದು ನೋಡಿದಾಗ ಮಾನೋಸೈಟ್ ಎಂಬ ಬೇರೆ ಬಿಳಿ ರಕ್ತಕಣಗಳಲ್ಲಿ ಮಸುಕಾಗಿ ಸಿಡಿ4 ಕಾಣುತ್ತದೆ. ಅದು ನಿಜವಾದದ್ದೇ, ಅದಕ್ಕೂ ಡೈಯನ್ನು ಬೈಯಬೇಡಿ.

ಕುಕ್ಕರಹಳ್ಳಿ ಏರಿ:
ಕೆಂಪು ಲೇಸರ್ ಇದೆ, ಎಪಿಸಿಗೆ ಇಂಡೆಂಟ್ ಹಾಕುತ್ತೇನೆ. ಉಳಿದ ಆಂಟಿಬಾಡಿಗಳನ್ನು ಫಾಯಿಲ್ ಸುತ್ತಿ ಡಬ್ಬಿಗೆ ಹಾಕಿದೆ. ಡಬ್ಬಿಯನ್ನು ಮೈನಸ್ 20ರಲ್ಲಿ ಇಟ್ಟರೆ ಇನ್ನೂ ಒಳ್ಳೆಯದಾ?

ಸಕ್ಕರೆನಾಡು:
ಅಯ್ಯೋ, ಬೇಡ! ಪಿಇ, ಎಪಿಸಿ ಎರಡೂ ಫ್ರೀಜ್ ಆದರೆ ಹಾಳಾಗುತ್ತವೆ. 2ರಿಂದ 8 ಡಿಗ್ರಿಯಲ್ಲೇ ಇರಲಿ.